ಅಜ್ಜನ ಆಸ್ತಿಯ ಜಾಡು: ಉಯಿಲು, ಪಾರಿಕತ್ತು ಮತ್ತು ಕಾಣದ ಹೆಸರುಗಳು

ಪತ್ರಿಕೆಗಳ ಒಳಪುಟಗಳಲ್ಲಿ ದಿನವೂ ಅಚ್ಚಾಗುವ ‘ಸಾರ್ವಜನಿಕ ಪ್ರಕಟಣೆ’ಗಳನ್ನು ವಕೀಲರು ಮತ್ತು ದಲ್ಲಾಳಿಗಳ ಹೊರತು ಹೆಚ್ಚಿನವರು ಓದುವುದಿಲ್ಲ. ಬೆಂಗಳೂರು ಉತ್ತರ ತಾಲ್ಲೂಕು, ಇಂಥ ಹೋಬಳಿ, ಇಂಥ ಗ್ರಾಮದ, ಇಂಥ ಸರ್ವೆ ನಂಬರಿನ ಜಮೀನನ್ನು ನಮ್ಮ ಕಕ್ಷಿದಾರರು ಕ್ರಯಕ್ಕೆ ಪಡೆಯಲಿದ್ದಾರೆ. ಯಾರಿಗಾದರೂ ಹಕ್ಕು, ಹಿತಾಸಕ್ತಿ, ತಕರಾರು ಇದ್ದಲ್ಲಿ ಇಷ್ಟು ದಿನಗಳೊಳಗೆ ದಾಖಲೆ ಸಮೇತ ತಿಳಿಸತಕ್ಕದ್ದು ಎಂಬುದು ಅವುಗಳ ಮಾಮೂಲು ಒಕ್ಕಣೆ. ಈ ಒಣ ವಾಕ್ಯಗಳು ಕೇಳುತ್ತಿರುವುದು ಒಂದೇ ಪ್ರಶ್ನೆಯನ್ನು: ಈ ನೆಲದ ಯಜಮಾನ ತೀರಿಕೊಂಡಾಗ ಅವನ ಹಿಂದೆ ಯಾರು ಯಾರು ಇದ್ದರು?

ಯಶವಂತಪುರ ಹೋಬಳಿಗೆ ಸೇರಿದ ಅಬ್ಬಿಗೆರೆಯಂಥ ಊರಿನಲ್ಲಿ ಈ ಪ್ರಶ್ನೆ ಹಿಂದೆ ತಲೆಮಾರಿಗೊಮ್ಮೆ ಮಾತ್ರ ಏಳುತ್ತಿತ್ತು. ಹಿರಿಯರು ತೀರಿಕೊಂಡರು, ಊರಿನ ನಾಲ್ವರು ಸೇರಿದರು, ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು, ಶ್ಯಾನುಭೋಗರು ಲೆಕ್ಕದಲ್ಲಿ ಹೆಸರು ಬದಲಾಯಿಸಿದರು, ಅಲ್ಲಿಗೆ ಮುಗಿಯಿತು. ಸಮೀಪದ ಜಾಲಹಳ್ಳಿಗೆ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಮುಂದೆ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ರಾಗಿ ಹೊಲಗಳು ಬಡಾವಣೆಗಳಾದವು. ಎಕರೆ ಲೆಕ್ಕದ ನೆಲ ಗುಂಟೆಯ ಲೆಕ್ಕಕ್ಕೆ, ಗುಂಟೆಯ ನೆಲ ಚದರಡಿಯ ಲೆಕ್ಕಕ್ಕೆ ಇಳಿದಂತೆ, ತಲೆಮಾರಿಗೊಮ್ಮೆ ಕೇಳುತ್ತಿದ್ದ ಪ್ರಶ್ನೆಯನ್ನು ಪ್ರತಿ ನಿವೇಶನದ ಮಾರಾಟದಲ್ಲೂ ಹೊಸದಾಗಿ ಕೇಳಬೇಕಾಯಿತು.

ನೆರೆಯ ಲಕ್ಷ್ಮೀಪುರ, ಸೋಮಶೆಟ್ಟಿಹಳ್ಳಿ, ಮೇಡಿ ಅಗ್ರಹಾರ ಸೇರಿ 17 ಹಳ್ಳಿಗಳಲ್ಲಿ ಡಾ. ಶಿವರಾಮ ಕಾರಂತ ಬಡಾವಣೆಗಾಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 2008ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ವರ್ಷಗಟ್ಟಲೆ ನಡೆದ ವ್ಯಾಜ್ಯದ ನಂತರ 2018ರಲ್ಲಿ ಸುಪ್ರೀಂ ಕೋರ್ಟ್ ಯೋಜನೆ ಮುಂದುವರಿಯಲಿ ಎಂದಿತು. ಇಂಥ ಸ್ವಾಧೀನದಲ್ಲಿ ಪರಿಹಾರ ಸಲ್ಲುವುದು ದಾಖಲೆಯಲ್ಲಿ ಹೆಸರಿರುವವರಿಗೆ, ಇಲ್ಲವೇ ಅವರ ವಾರಸುದಾರರೆಂದು ಸಾಬೀತುಪಡಿಸಿದವರಿಗೆ. ಅಜ್ಜ ಏನು ಬಿಟ್ಟುಹೋದ, ಯಾರಿಗೆ ಬಿಟ್ಟುಹೋದ ಎಂಬುದನ್ನು ಹುಡುಕುವುದು ಈ ಕಾರಣಕ್ಕೆ ಈ ಭಾಗದಲ್ಲಿ ಬರೀ ಕುತೂಹಲದ ವಿಷಯವಾಗಿ ಉಳಿದಿಲ್ಲ.

ಉಯಿಲು ಏಕೆ ಅಪರೂಪ?

ಇಂಗ್ಲೆಂಡಿನಲ್ಲಿ ವಂಶದ ಚರಿತ್ರೆ ಹುಡುಕುವವರು ಮೊದಲು ಕೈಹಾಕುವುದು ಉಯಿಲಿಗೆ. ಸತ್ತವರ ಉಯಿಲನ್ನು ನ್ಯಾಯಾಲಯ ಪರಿಶೀಲಿಸಿ, ‘ಇದು ಸಾಚಾ’ ಎಂದು ಮುದ್ರೆಯೊತ್ತಿ ಕೊಡುವ ವ್ಯವಸ್ಥೆಗೆ ಪ್ರೊಬೇಟ್ ಎಂದು ಹೆಸರು. 1858ರ ಜನವರಿಯವರೆಗೆ ಅಲ್ಲಿ ಈ ಕೆಲಸ ಚರ್ಚಿನ ನ್ಯಾಯಾಲಯಗಳ ಕೈಯಲ್ಲಿತ್ತು. ಆಮೇಲೆ ಸರ್ಕಾರ ವಹಿಸಿಕೊಂಡು ವರ್ಷವಾರು, ಅಕ್ಷರಾನುಕ್ರಮದ ಸೂಚಿ ಇಟ್ಟಿತು. ಹೆಸರು ಮತ್ತು ಸತ್ತ ವರ್ಷ ಗೊತ್ತಿದ್ದರೆ ಶುಲ್ಕ ಕೊಟ್ಟು ಯಾರ ಉಯಿಲಿನ ಪ್ರತಿಯನ್ನಾದರೂ ಪಡೆಯಬಹುದು.

ನಮ್ಮಲ್ಲಿ ಅಂಥ ಸೂಚಿ ಇಲ್ಲ. ಇದಕ್ಕೆ ನಮ್ಮವರ ಅಶಿಸ್ತೇ ಕಾರಣ ಎಂದುಕೊಂಡರೆ ತಪ್ಪು. ಕಾರಣ ಹುಡುಕಲು ಒಂಬೈನೂರು ವರ್ಷ ಹಿಂದಕ್ಕೆ, ಈಗಿನ ಬಸವಕಲ್ಯಾಣಕ್ಕೆ ಹೋಗಬೇಕು. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ. ಬಂಗಾಳ, ಅಸ್ಸಾಮುಗಳನ್ನು ಬಿಟ್ಟು ಭಾರತದ ಬಹುಭಾಗದ ಹಿಂದೂಗಳ ದಾಯಭಾಗಕ್ಕೆ ಕನ್ನಡ ನೆಲದಲ್ಲಿ ಹುಟ್ಟಿದ ಈ ಗ್ರಂಥವೇ ಆಧಾರವಾಯಿತು. ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ಮುಖ್ಯ ಸಿದ್ಧಾಂತ.

ಮಗನಿಗೆ ಹುಟ್ಟಿನಿಂದಲೇ ಹಕ್ಕಿದ್ದರೆ, ಅಪ್ಪ ಸಾಯುವಾಗ ‘ಬಿಟ್ಟುಹೋಗಲು’ ಏನು ಉಳಿಯಿತು? ಅವಿಭಕ್ತ ಕುಟುಂಬದ ಆಸ್ತಿ ಯಾರೊಬ್ಬರದೂ ಅಲ್ಲ. ಒಬ್ಬ ತೀರಿಕೊಂಡರೆ ಅವನ ಪಾಲು ಉಳಿದ ಗಂಡಸರಲ್ಲಿ ಕರಗಿಹೋಗುತ್ತಿತ್ತು. ಪಾಲಾಗದ ತನ್ನ ಹಿಸ್ಸೆಯನ್ನು ಉಯಿಲಿನ ಮೂಲಕ ಬರೆದುಕೊಡುವ ಅಧಿಕಾರ ಅವನಿಗಿರಲಿಲ್ಲ. ಈ ಅಧಿಕಾರ ಬಂದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮಿನಿಂದ. ಅಲ್ಲಿಯವರೆಗೆ ಉಯಿಲು ಬರೆಯುವ ಪ್ರಮೇಯವಿದ್ದದ್ದು ಮುಖ್ಯವಾಗಿ ಸ್ವಯಾರ್ಜಿತ ಆಸ್ತಿ ಇದ್ದವರಿಗೆ, ಪಾಲಾಗಿ ಬೇರೆಯಾದವರಿಗೆ, ಮಕ್ಕಳಿಲ್ಲದವರಿಗೆ.

ಮುಸಲ್ಮಾನರ ಕಟ್ಟಳೆ ಬೇರೆ. ವಸೀಯತ್ ಬರೆಯಬಹುದು, ಆದರೆ ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೇ ಒಂದು ಭಾಗವನ್ನು ಮೀರುವಂತಿಲ್ಲ. ದಕ್ಷಿಣ ಕನ್ನಡದ ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿ ಆಸ್ತಿ ಹರಿದದ್ದು ತಾಯಿಯ ಕಡೆಯಿಂದ. ಯಾವ ಮನೆಯ ದಾಖಲೆ ಹುಡುಕಹೊರಟರೂ ಆ ಮನೆಗೆ ಆ ಕಾಲದಲ್ಲಿ ಅನ್ವಯವಾಗುತ್ತಿದ್ದ ಕಟ್ಟಳೆ ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಹಳೆಯ ಮೈಸೂರಿನ ಹಿಂದೂ ಒಕ್ಕಲು ಮನೆಯಲ್ಲಿ 1956ಕ್ಕೆ ಮುಂಚಿನ ಉಯಿಲೊಂದು ಸಿಕ್ಕರೆ, ಅಲ್ಲಿ ಏನೋ ವಿಶೇಷ ನಡೆದಿದೆ ಎಂದೇ ತಿಳಿಯಬಹುದು.

ದಂಡಿನ ಉಯಿಲು, ಹಳ್ಳಿಯ ಮೌನ

1809ರಲ್ಲಿ ಬೆಂಗಳೂರಿಗೆ ಬ್ರಿಟಿಷರ ದಂಡು ಬಂತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ದಂಡುಪ್ರದೇಶ ರೆಸಿಡೆಂಟರ ಆಡಳಿತದಲ್ಲೇ ಉಳಿದು, 1947ರ ಜುಲೈನಲ್ಲಷ್ಟೇ ಮೈಸೂರಿನ ಕೈಸೇರಿತು. ಮದರಾಸು ಪ್ರಾಂತದಲ್ಲಿ ಸತ್ತ ಯುರೋಪಿಯನ್ನರ ಉಯಿಲು, ಪ್ರೊಬೇಟ್ ಮತ್ತು ಸಾಮಾನು ಪಟ್ಟಿಗಳು ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ಕಡತಗಳಲ್ಲಿ ಸೇರಿವೆ. ಕುರ್ಚಿ, ಮೇಜು, ಕುದುರೆಯ ಜೀನು, ಪುಸ್ತಕಗಳವರೆಗೆ ಹೆಸರಿಸಿ ಬೆಲೆ ಕಟ್ಟುವುದು ಇಂಥ ಪಟ್ಟಿಗಳ ರೂಢಿ. ಅದೇ ಕಾಲದಲ್ಲಿ ಅಲ್ಲಿಂದ ಕೆಲವೇ ಹರದಾರಿ ದೂರದ ಅಬ್ಬಿಗೆರೆಯ ರೈತ ತೀರಿಕೊಂಡರೆ ಇಂಥ ಪಟ್ಟಿ ಮಾಡುವವರು ಯಾರೂ ಇರಲಿಲ್ಲ. ಅವನ ಸಾವು ದಾಖಲಾದದ್ದು ಕಂದಾಯ ಕಟ್ಟುವವರ ಹೆಸರು ಬದಲಾದಾಗ ಮಾತ್ರ.

ಪ್ರೊಬೇಟ್ ಪದ್ಧತಿಯನ್ನು ಬ್ರಿಟಿಷರು ಹಿಂದೂಗಳಿಗೂ ತಂದರು, ಆದರೆ ಎಲ್ಲೆಡೆ ಅಲ್ಲ. 1870ರ ಹಿಂದೂ ಉಯಿಲು ಕಾಯ್ದೆ, ಆನಂತರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅದನ್ನು ಕಡ್ಡಾಯ ಮಾಡಿದ್ದು ಬಂಗಾಳಕ್ಕೆ ಹಾಗೂ ಮದರಾಸು, ಮುಂಬಯಿ ನಗರಗಳ ಹೈಕೋರ್ಟುಗಳ ಮೂಲ ವ್ಯಾಪ್ತಿಗೆ. ಮೈಸೂರು ಸಂಸ್ಥಾನದ ಹಿಂದೂಗಳಿಗೆ ಆ ಕಡ್ಡಾಯ ಬರಲೇ ಇಲ್ಲ. ಕಡ್ಡಾಯದ ಮೂಲವಾಗಿದ್ದ 213ನೇ ಕಲಮನ್ನೇ ಸಂಸತ್ತು 2025ರ ಡಿಸೆಂಬರಿನಲ್ಲಿ ಕಾಯ್ದೆಯಿಂದ ತೆಗೆದುಹಾಕಿತು. ಬೇಕೆನಿಸಿದವರು ಜಿಲ್ಲಾ ನ್ಯಾಯಾಲಯದಿಂದ, ಬೆಂಗಳೂರಿನಲ್ಲಿ ಸಿಟಿ ಸಿವಿಲ್ ನ್ಯಾಯಾಲಯದಿಂದ ಪ್ರೊಬೇಟ್ ಪಡೆಯಬಹುದು. ಅಂಥ ಕಡತ ಸಿಕ್ಕರೆ ಅದೊಂದು ನಿಧಿಯೇ ಸರಿ. ಮೂಲ ಉಯಿಲು, ಹತ್ತಿರದ ನೆಂಟರ ಹೆಸರು, ಆಸ್ತಿಯ ಪಟ್ಟಿ, ಸಾಕ್ಷಿಗಳ ಹೇಳಿಕೆ ಎಲ್ಲವೂ ಒಂದೇ ಕಡೆ ಇರುತ್ತವೆ. ಆದರೆ ಹಳ್ಳಿಯ ಮನೆತನಗಳ ಮಟ್ಟಿಗೆ ಅಂಥ ಕಡತಗಳು ಬಲು ವಿರಳ.

ಸತ್ತವರ ಇಚ್ಛೆ ಒಂದು ಊರನ್ನೇ ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಯಶವಂತಪುರದ ಪಕ್ಕದಲ್ಲೇ ಸಾಕ್ಷಿಯಿದೆ. ಸಂಶೋಧನಾ ವಿಶ್ವವಿದ್ಯಾಲಯವೊಂದಕ್ಕೆ ತಮ್ಮ ಸಂಪತ್ತಿನ ದೊಡ್ಡ ಭಾಗ ಕೊಡುವುದಾಗಿ 1898ರಲ್ಲಿ ಮುಂದೆ ಬಂದ ಜೆಮ್ಷೆಡ್‌ಜಿ ಟಾಟಾ 1904ರಲ್ಲಿ ತೀರಿಕೊಂಡರು. ಆಗ ಸಂಸ್ಥೆ ಇನ್ನೂ ಕಾಗದದ ಮೇಲಿತ್ತು. ಮಕ್ಕಳಾದ ದೊರಾಬ್ಜಿ ಮತ್ತು ರತನ್ ಟಾಟಾ ತಂದೆಯ ಸಂಕಲ್ಪದಿಂದ ಹಿಂದೆ ಸರಿಯಲಿಲ್ಲ. ಮೈಸೂರು ಅರಮನೆ 371 ಎಕರೆ ಕೊಟ್ಟಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಒಬ್ಬರ ಆಸ್ತಿ ಮಕ್ಕಳ ನಡುವೆ ಚೂರಾಗದೆ ಒಂದೆಡೆ ನಿಂತದ್ದರ ಫಲ ಅದು. ಅಬ್ಬಿಗೆರೆಯ ಹೊಲಗಳ ಕತೆ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ರತಿ ಸಾವೂ ಹೊಲವನ್ನು ಸಣ್ಣದು ಮಾಡುತ್ತ ಹೋಯಿತು. ಆದರೆ ಹಾಗೆ ಸಣ್ಣದಾದದ್ದೇ ಹುಡುಕುವವರಿಗೆ ದಾರಿ ತೋರಿಸುತ್ತದೆ.

ಸರ್ವೆ ನಂಬರಿನಲ್ಲಿ ವಂಶವೃಕ್ಷ

ಒಂದು ಜಮೀನಿನ ನಂಬರು 45/2 ಎಂದಿದೆ ಎನ್ನಿ. ಮೂಲ 45ನೇ ನಂಬರು ಎಂದೋ ಒಡೆದು, ಅಳತೆಯಾಗಿ, ಪೋಡಿಯಾಗಿದೆ ಎಂದು ಅದರರ್ಥ. ಕ್ರಯದಿಂದಲೂ ಪೋಡಿಯಾಗುತ್ತದೆ, ಆದರೆ ಹಳ್ಳಿಗಳಲ್ಲಿ ಅಣ್ಣತಮ್ಮಂದಿರ ಪಾಲಿನಿಂದ ಆದದ್ದೇ ಹೆಚ್ಚು. ಅಳತೆಯಾಗದೆ ಬಾಯಿಮಾತಿನಲ್ಲೇ ಹಂಚಿಕೊಂಡಿದ್ದರೆ ಪಹಣಿಯಲ್ಲಿ ‘ಪೈಕಿ’ ಎಂಬ ಮಾತು ಕಾಣಿಸಿಕೊಳ್ಳುತ್ತದೆ.

ಹುಡುಕುವ ಕ್ರಮ ಇಂದಿನಿಂದ ಹಿಂದಕ್ಕೆ. ಈಗಿನ ಪಹಣಿಯಲ್ಲಿ ಖಾತೆದಾರರ ಹೆಸರಿನ ಜೊತೆ ಮ್ಯುಟೇಷನ್ ನಂಬರು ಇರುತ್ತದೆ. ಆ ನಂಬರು ಹಿಡಿದು ತಾಲ್ಲೂಕು ಕಚೇರಿಯಲ್ಲಿ ಮ್ಯುಟೇಷನ್ ವಹಿ ನೋಡಿದರೆ ಹೆಸರು ಬದಲಾದ ಕಾರಣ ಸಿಗುತ್ತದೆ: ಕ್ರಯ, ದಾನ, ಪಾಲು, ಉಯಿಲು, ಇಲ್ಲವೇ ಪೌತಿ. ಪೌತಿ ಎಂದರೆ ಖಾತೆದಾರನ ಮರಣ. ಅಲ್ಲಿ ಸಿಕ್ಕ ಹಿಂದಿನ ಹೆಸರಿನಿಂದ ಅದಕ್ಕೂ ಹಿಂದಿನ ವಹಿಗೆ, ಹೀಗೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೇರಿಸಿತು. ಅದಕ್ಕೂ ಹಿಂದಿನದಕ್ಕೆ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಹಕ್ಕುದಾಖಲೆ ವಹಿಗಳೇ ಗತಿ.

ಈ ಕಾಗದಗಳ ಭಾಷೆಯನ್ನು ತಿಳಿದವರಿಗೆ ಒಂದು ಸಾಲಿನಲ್ಲೇ ಬಹಳಷ್ಟು ಸಿಗುತ್ತದೆ. ‘ಬಿನ್’ ಎಂದರೆ ಇಂಥವರ ಮಗ. ‘ಕೋಂ’ ಎಂದರೆ ಇಂಥವರ ಹೆಂಡತಿ. ‘ಬಿನ್ ಲೇಟ್’ ಎಂದಿದ್ದರೆ ಆ ದಿನಾಂಕಕ್ಕೆ ಮುಂಚೆಯೇ ತಂದೆ ತೀರಿಕೊಂಡಿದ್ದಾರೆ. ಮರಣ ಪ್ರಮಾಣಪತ್ರ ಇಲ್ಲದ ಕಾಲದಲ್ಲಿ ಸಾವಿನ ಕಾಲ ಅಂದಾಜು ಮಾಡಲು ಇದು ಸಾಕು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳುವುದುಂಟು. ‘ದೊಡ್ಡ’, ‘ಚಿಕ್ಕ’ ಎಂದು ಆರಂಭವಾಗುವ ಹೆಸರುಗಳು ಅಣ್ಣತಮ್ಮಂದಿರವಾಗಿರುವ ಸಾಧ್ಯತೆ ಹೆಚ್ಚು. ಊರ ಹೆಸರಿನಲ್ಲೂ ಎಚ್ಚರ ಬೇಕು. ಗದಗ ಜಿಲ್ಲೆಯಲ್ಲೂ ಒಂದು ಅಬ್ಬಿಗೆರೆಯಿದೆ. ಹೋಬಳಿ, ತಾಲ್ಲೂಕು ನೋಡದೆ ಕಾಗದವನ್ನು ನಂಬುವಂತಿಲ್ಲ.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಹೊಲ ಎಂದು ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಭಾಗವನ್ನು ಹೆಚ್ಚಿನವರು ದಾಟಿ ಹೋಗುತ್ತಾರೆ. ಒಂದೇ ಹೊಲ ಪಾಲಾದಾಗ ಅಕ್ಕಪಕ್ಕದ ತುಂಡುಗಳು ಸಹೋದರರಿಗೆ ಹೋಗುವುದು ಸಹಜ. ಆದ್ದರಿಂದ ಚಕ್ಕುಬಂದಿಯ ನೆರೆಯವನು ಎಷ್ಟೋ ಬಾರಿ ದಾಯಾದಿಯೇ ಆಗಿರುತ್ತಾನೆ. ನಮ್ಮ ಕಾಗದದಲ್ಲಿಲ್ಲದ ಅಜ್ಜನ ತಮ್ಮ ನೆರೆಯವರ ಕಾಗದದ ಎಲ್ಲೆಯಲ್ಲಿ ಸಿಕ್ಕುವುದುಂಟು.

ಇನ್ನೊಂದು ಜಾಡು ಗ್ರಾಮದ ಹುದ್ದೆಗಳದು. ಪಟೇಲ, ಶ್ಯಾನುಭೋಗ, ತೋಟಿ, ತಳವಾರ, ನೀರಗಂಟಿ ಇವೆಲ್ಲ ವಂಶಪಾರಂಪರ್ಯದ ಕೆಲಸಗಳಾಗಿದ್ದವು. ಅನೇಕ ಕಡೆ ಹುದ್ದೆಯ ಜೊತೆಗೆ ಇನಾಮು ಜಮೀನೂ ಇತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಜಮೀನುಗಳನ್ನು ಹುದ್ದೆಯಲ್ಲಿದ್ದವರಿಗೆ ಮರುಮಂಜೂರು ಮಾಡುವ ವ್ಯವಸ್ಥೆ ಮಾಡಿತು. ಹುದ್ದೆಯ ಹಕ್ಕು ತೋರಿಸಲು ವಂಶಾವಳಿ ಬೇಕಾಗಿದ್ದರಿಂದ ಆ ಕಡತಗಳಲ್ಲಿ ತಲೆಮಾರುಗಳ ವಿವರ ಸಿಗಬಹುದು. ಗೇಣಿ ಜಮೀನುಗಳಿಗೆ 1974ರ ನಂತರ ಭೂನ್ಯಾಯ ಮಂಡಳಿಗಳ ಮುಂದೆ ಬಂದ 7ನೇ ನಮೂನೆಯ ಅರ್ಜಿಗಳಿವೆ. ಇಲ್ಲೆಲ್ಲ ಒಂದು ತೊಡಕುಂಟು: ದುಡಿದದ್ದು ಮನೆಮಂದಿಯೆಲ್ಲ, ಆದೇಶದಲ್ಲಿ ಹೆಸರು ಬಂದದ್ದು ಯಜಮಾನನೊಬ್ಬನದು. ಅವನ ಹೆಸರಿನಲ್ಲಿದ್ದದ್ದು ಅವನೊಬ್ಬನದೇ ಅಥವಾ ಕುಟುಂಬದ್ದೇ ಎಂಬ ಜಗಳ ಆಮೇಲೆ ಮಕ್ಕಳ ಕಾಲದಲ್ಲಿ ಕೋರ್ಟಿಗೇರುತ್ತದೆ.

ನೋಂದಣಿ ಕಚೇರಿಯ ಪುಸ್ತಕಗಳು

ಪಹಣಿ ಹೇಳುವುದು ಯಾರಿಂದ ಯಾರಿಗೆ ಎಂಬಷ್ಟನ್ನೇ. ಏಕೆ, ಹೇಗೆ ಎಂಬುದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕು. 1908ರ ನೋಂದಣಿ ಕಾಯ್ದೆಯಂತೆ ಸ್ಥಿರಾಸ್ತಿಯ ಕ್ರಯ, ದಾನ, ವಿಭಾಗ ಪತ್ರಗಳು 1ನೇ ಪುಸ್ತಕದಲ್ಲಿ, ಉಯಿಲುಗಳು 3ನೇ ಪುಸ್ತಕದಲ್ಲಿ ದಾಖಲಾಗುತ್ತವೆ. 1ನೇ ಪುಸ್ತಕ ಎಲ್ಲರಿಗೂ ತೆರೆದದ್ದು. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು. 3ನೇ ಪುಸ್ತಕ ಹಾಗಲ್ಲ. ಉಯಿಲು ಬರೆದವರು ಬದುಕಿರುವವರೆಗೆ ಅದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ನಕಲು ಕೊಡಬೇಕೆಂದು 57ನೇ ಕಲಂ ಹೇಳುತ್ತದೆ. ಹೆಸರು ಬಿಟ್ಟುಹೋದ ಮಗಳು, ಸೊಸೆ, ಮೊಮ್ಮಗ ಯಾರೇ ಆದರೂ ಕೇಳಬಹುದು. ಇದು ಅನೇಕರಿಗೆ ತಿಳಿಯದ ಸಂಗತಿ. ಉಯಿಲನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡುವ ಅವಕಾಶವೂ ಇದೆ. ಬರೆದವರ ಮರಣಾನಂತರ ಅರ್ಜಿ ಕೊಟ್ಟವರ ಎದುರಿನಲ್ಲಿ ಅದನ್ನು ತೆರೆಯಲಾಗುತ್ತದೆ.

ಕಷ್ಟವಿರುವುದು ಬೇರೆ ಕಡೆ. ಉಯಿಲಿನ ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ರುಜುವಿದ್ದ ಬಿಳಿ ಹಾಳೆಯೂ ಉಯಿಲೇ. ಅದು ಟ್ರಂಕಿನ ತಳದಲ್ಲೇ ಉಳಿಯಬಹುದು. ನೋಂದಾಯಿಸಿದರೂ ಜಮೀನಿರುವ ಊರಿನ ಕಚೇರಿಯಲ್ಲೇ ಆಗಬೇಕೆಂದಿಲ್ಲ. ಆದ್ದರಿಂದ ಉಯಿಲು ಸಿಕ್ಕಲಿಲ್ಲ ಎಂದಮಾತ್ರಕ್ಕೆ ಇರಲೇ ಇಲ್ಲ ಎನ್ನಲಾಗದು. ಸಿಕ್ಕಿದ್ದೆಲ್ಲ ಸಾಚಾ ಎನ್ನಲೂ ಆಗದು. ಉಯಿಲಿನ ಬಗ್ಗೆ ಭಾರತದ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುವ ತೀರ್ಪು ಮೈಸೂರು ಸೀಮೆಯಿಂದಲೇ ಹೋದದ್ದು: ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಜಮ್ಮ ನಡುವಣ ಮೊಕದ್ದಮೆ. ವೃದ್ಧೆಯೊಬ್ಬರು 1945ರಲ್ಲಿ ಬರೆಸಿದರೆನ್ನಲಾದ ಉಯಿಲನ್ನು 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಉಯಿಲು ಸಿದ್ಧಪಡಿಸುವುದರಲ್ಲಿ ಮುಂದೆ ನಿಂತವರ ಮಕ್ಕಳಿಗೇ ಅದರಿಂದ ಲಾಭವಾಗುವಂತಿದ್ದರೆ ಅನುಮಾನ ಸಹಜ. ಆ ಅನುಮಾನ ನಿವಾರಿಸುವ ಹೊಣೆ ಉಯಿಲು ಮುಂದಿಟ್ಟವರದೇ ಎಂದು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಬರೆದರು. ಬರೆದವರು ಎದ್ದುಬಂದು ಸಾಕ್ಷಿ ಹೇಳಲಾರರಲ್ಲ!

ಹನ್ನೆರಡು ಎಕರೆಯ ಲೆಕ್ಕ

ಇಷ್ಟೆಲ್ಲ ಹುಡುಕಿದ ಮೇಲೆ ಕೈಗೆ ಬರುವ ವಂಶವೃಕ್ಷವನ್ನು ಒಮ್ಮೆ ನೋಡಬೇಕು. ಅದರಲ್ಲಿ ಅಜ್ಜ, ಅಪ್ಪ, ದೊಡ್ಡಪ್ಪ, ಚಿಕ್ಕಪ್ಪಂದಿರಿರುತ್ತಾರೆ. ಅತ್ತೆಯಂದಿರು ಬಹುಪಾಲು ಇರುವುದಿಲ್ಲ. ಅಜ್ಜಿ ಇದ್ದರೆ ‘ಕೋಂ’ ಎಂದೋ, ಅಪ್ರಾಪ್ತ ಮಕ್ಕಳ ಪೋಷಕಿ ಎಂದೋ ಒಂದು ಸಾಲಿನಲ್ಲಿ ಬಂದು ಹೋಗಿರುತ್ತಾರೆ. ಹೆಣ್ಣುಮಕ್ಕಳು ಕಾಣಿಸುವುದು ಹಕ್ಕು ಬಿಡುಗಡೆ ಪತ್ರದಲ್ಲಿ ಹೆಬ್ಬೆಟ್ಟು ಒತ್ತುವಾಗ, ಇಲ್ಲವೇ ಅರಿಶಿನ-ಕುಂಕುಮಕ್ಕೆಂದು ಒಂದು ತುಂಡು ಜಮೀನು ಬರೆದುಕೊಟ್ಟ ದಾನಪತ್ರದಲ್ಲಿ.

ಈ ಗೈರುಹಾಜರಿ ಬರೆದವರ ಮರೆವಲ್ಲ, 1956ಕ್ಕೆ ಹಿಂದಿನ ಕಾಯ್ದೆಯ ಪ್ರತಿಬಿಂಬ. ಆದ್ದರಿಂದ ಕಾಗದದ ದಿನಾಂಕವನ್ನು ಕಾಯ್ದೆಯ ದಿನಾಂಕದ ಪಕ್ಕದಲ್ಲಿಟ್ಟು ಓದಬೇಕು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು, ಕುಟುಂಬ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ, ಗಂಡಸರಷ್ಟಲ್ಲದಿದ್ದರೂ, ಒಂದು ಪಾಲು ಕೊಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಹಕ್ಕು ಕೊಟ್ಟ ಕಾಯ್ದೆ ಬಂದದ್ದು 1937ರಲ್ಲಿ. ಮದುವೆಯಾಗಿ ಹೋದ ಮಗಳಿಗೆ ಎರಡರಲ್ಲೂ ಪಾಲಿರಲಿಲ್ಲ.

ಒಂದು ಲೆಕ್ಕ ಹಾಕೋಣ. ಒಬ್ಬ ರೈತನಿಗೆ 12 ಎಕರೆ ಪಿತ್ರಾರ್ಜಿತ. ಇಬ್ಬರು ಗಂಡುಮಕ್ಕಳು, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು. ಹೆಂಡತಿ ಮೊದಲೇ ತೀರಿಕೊಂಡಿದ್ದಾಳೆ, ಉಯಿಲಿಲ್ಲ. ಆತ 1950ರಲ್ಲಿ ತೀರಿಕೊಂಡಿದ್ದರೆ ಗಂಡುಮಕ್ಕಳಿಗೆ ಆರಾರು ಎಕರೆ, ಹೆಣ್ಣುಮಕ್ಕಳಿಗೆ ಏನೂ ಇಲ್ಲ.

1960ರಲ್ಲಿ ತೀರಿಕೊಂಡಿದ್ದರೆ 1956ರ ಕಾಯ್ದೆ ಅನ್ವಯ. ಸಾವಿಗೆ ಮುಂಚಿನ ಕ್ಷಣದಲ್ಲಿ ತಂದೆ ಮತ್ತು ಗಂಡುಮಕ್ಕಳ ನಡುವೆ ಪಾಲಾಯಿತೆಂದು ಭಾವಿಸಿ, ತಂದೆಯ ಪಾಲಿನ 4 ಎಕರೆಯನ್ನು ನಾಲ್ವರು ಮಕ್ಕಳಿಗೂ ಸಮನಾಗಿ ಹಂಚಬೇಕು. ಆಗ ಗಂಡುಮಕ್ಕಳಿಗೆ ಐದೈದು ಎಕರೆ, ಹೆಣ್ಣುಮಕ್ಕಳಿಗೆ ಒಂದೊಂದು ಎಕರೆ. ತಂದೆ ತನ್ನ ಪಾಲನ್ನು ಗಂಡುಮಕ್ಕಳಿಗೆ ಉಯಿಲು ಬರೆದಿದ್ದರೆ ಆ ಒಂದೊಂದು ಎಕರೆಯೂ ಇಲ್ಲ. ಕಾಯ್ದೆ ಒಂದು ಕೈಯಲ್ಲಿ ಮಗಳಿಗೆ ಹಕ್ಕು ಕೊಟ್ಟು, ಇನ್ನೊಂದು ಕೈಯಲ್ಲಿ ಅಪ್ಪನಿಗೆ ಉಯಿಲಿನ ಅಧಿಕಾರ ಕೊಟ್ಟಿತು. ಹೆಣ್ಣುಮಕ್ಕಳಿಗೆ ಮದುವೆ ಮಾಡಿ ಕೊಡಬೇಕಾದದ್ದನ್ನು ಕೊಟ್ಟಾಗಿದೆ ಎಂಬ ಸಾಲು ಉಯಿಲುಗಳಲ್ಲಿ ಮಾಮೂಲಾದದ್ದರ ಹಿನ್ನೆಲೆ ಇದು.

ಆಂಧ್ರ, ತಮಿಳುನಾಡುಗಳ ನಂತರ ಕರ್ನಾಟಕವೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿ ತಂದಿತು. ಜಾರಿಯಾದ ದಿನ 1994ರ ಜುಲೈ 30. ಅದಕ್ಕೆ ಮುಂಚೆ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಆ ವರ್ಷ ಜೂನಿನಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲ, ಆಗಸ್ಟಿನಲ್ಲಿ ಮದುವೆಯಾದ ತಂಗಿಗೆ ಉಂಟು! ಮದುವೆಯ ಲಗ್ನಪತ್ರಿಕೆಯೂ ಆಸ್ತಿಯ ದಾಖಲೆಯಾದ ಕಾಲವದು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಈ ಭೇದವನ್ನು ಅಳಿಸಿತು. ಅದೇ ರೈತ 2010ರಲ್ಲಿ ತೀರಿಕೊಂಡಿದ್ದರೆ ನಾಲ್ವರಿಗೂ ಮೂರು ಮೂರು ಎಕರೆ. ಉಯಿಲು ಬರೆದಿದ್ದರೂ ಆತ ಬರೆಯಬಹುದಾಗಿದ್ದದ್ದು ತನ್ನ ಐದನೇ ಒಂದು ಪಾಲಾದ 2 ಎಕರೆ 16 ಗುಂಟೆಯನ್ನು ಮಾತ್ರ. ಮಗಳ ಸ್ವಂತ ಪಾಲಾದ 2 ಎಕರೆ 16 ಗುಂಟೆಯನ್ನು ಯಾವ ಉಯಿಲೂ ಮುಟ್ಟಲಾರದು.

ಬಾಯಿಮಾತಿನ ಪಾಲು

ಈಗ ಪತ್ರಿಕೆಯ ಒಳಪುಟದ ಪ್ರಕಟಣೆ ಏಕೆ ಬೇಕಾಗುತ್ತದೆ ಎಂಬುದು ಸ್ಪಷ್ಟವಾದೀತು. 2005ರ ತಿದ್ದುಪಡಿ 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ಪಾಲು, ಪರಭಾರೆಗಳನ್ನು ಕೆದಕುವುದಿಲ್ಲ. ಆದರೆ ಪಾಲು ಎಂದರೆ ನೋಂದಾಯಿತ ವಿಭಾಗ ಪತ್ರ ಅಥವಾ ನ್ಯಾಯಾಲಯದ ಡಿಕ್ರಿ ಎಂದು ಅದು ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಬಹಳಷ್ಟು ಪಾಲುಗಳು ಆದದ್ದು ಜಗುಲಿಯ ಮೇಲೆ, ಬಾಯಿಮಾತಿನಲ್ಲಿ. ಹೆಚ್ಚೆಂದರೆ ಹಿರಿಯರ ಎದುರು ಬರೆದ, ನೋಂದಣಿಯಾಗದ ಪಾರಿಕತ್ತು ಇರುತ್ತದೆ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದಿತು. ಬಾಯಿಮಾತಿನ ಪಾಲನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಒಪ್ಪಬಹುದು ಎಂದೂ ಹೇಳಿತು.

ಈ ಒಂದು ಮಾತು ಹಳೆಯ ವಹಿಗಳ ಬೆಲೆಯನ್ನೇ ಬದಲಿಸಿತು. ಪಹಣಿಯಲ್ಲಿನ ಹೆಸರಷ್ಟೇ ಯಾರನ್ನೂ ಮಾಲೀಕನನ್ನಾಗಿ ಮಾಡುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಆದರೆ ಅಣ್ಣತಮ್ಮಂದಿರು ಎಂದೋ ಬೇರೆಯಾದರು, ಬೇರೆ ಬೇರೆ ಕಂದಾಯ ಕಟ್ಟಿದರು, ಬೇರೆಯಾಗಿ ಮಾರಿದರು ಎಂದು ತೋರಿಸಲು ಈಗ ಉಳಿದಿರುವುದು ಆ ಮ್ಯುಟೇಷನ್, ಆ ಪೋಡಿ, ಆ ಚಕ್ಕುಬಂದಿಗಳೇ. ಪಾಲೇ ಆಗಿಲ್ಲ, ಮನೆಮಗಳಾಗಿ ನನಗೂ ಹಕ್ಕಿದೆ ಎನ್ನುವವಳ ಕೈಯಲ್ಲಿರುವುದೂ ಅದೇ ಕಾಗದಗಳು. ನಿವೇಶನ ಕೊಂಡು ಮನೆ ಕಟ್ಟಿಸಿಕೊಂಡವರ ನೆಮ್ಮದಿಯೂ ಅದರಲ್ಲೇ ಅಡಗಿದೆ.

ಸತ್ತವರ ಹೆಸರಿನಲ್ಲೇ ಉಳಿದ ಜಮೀನುಗಳನ್ನು ವಾರಸುದಾರರ ಹೆಸರಿಗೆ ಮಾಡಲು ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಅಭಿಯಾನ ಆರಂಭಿಸಿತು. ಇಂಥ ಕೆಲಸಕ್ಕೆ ವಂಶವೃಕ್ಷ ಬರೆದುಕೊಡಬೇಕಾದವರು ಮನೆಯವರೇ. ಮದುವೆಯಾಗಿ ದೂರದ ಊರಿಗೆ ಹೋದ ಅತ್ತೆಯ ಹೆಸರು, ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ ತವರಿಗೆ ಮರಳಿದ ದೊಡ್ಡಮ್ಮನ ಹೆಸರು ಹಳೆಯ ಕಾಗದಗಳಲ್ಲಿ ಸಿಗದಿರಬಹುದು. ಅದನ್ನು ಬಲ್ಲವರು ಮನೆಯ ಹಿರಿಯರು. ತಾಲ್ಲೂಕು ಕಚೇರಿಯ ವಹಿಗಳು ಇನ್ನೂ ಕೆಲವು ಕಾಲ ಉಳಿದಾವು. ಹಿರಿಯರ ನೆನಪಿಗೆ ಆ ಭರವಸೆಯಿಲ್ಲ. ಆದ್ದರಿಂದ ಜಾಡು ಹುಡುಕಹೊರಟವರು ಟ್ರಂಕಿನ ಬೀಗ ತೆಗೆಯುವ ಮೊದಲು ಅಜ್ಜಿಯ ಪಕ್ಕದಲ್ಲಿ ಕುಳಿತು, ಮನೆಯಲ್ಲಿ ಹುಟ್ಟಿದವರೆಲ್ಲರ ಹೆಸರನ್ನು ಕೇಳಿ ಬರೆದುಕೊಳ್ಳುವುದು ಒಳ್ಳೆಯದು.